ಸಿಪ್ಪೆಯಿಲ್ಲದ ಬಾಳೆಹಣ್ಣು

ಮೂಗು ಯಾವ ವಾಸನೆಗೂ ಒಗ್ಗಿಕೊಳ್ಳದೇ ಹೋದರೆ ಏನಾದೀತು? ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ಲ್ಯಾಬಿನ ಡಾಕ್ಟರ್ ಸಫಿಯಾ. ಕೇಳಿ ಸುಮ್ಮನಿದ್ದಿದ್ದರೆ ಅವರಿಗೂ ಕ್ಷೇಮ, ನಮಗೂ ಕ್ಷೇಮ. ಅವರು ಉತ್ತರವನ್ನೂ ಕಂಡುಹಿಡಿದು, ಅದನ್ನು ಒಂದು ಮೂಗುತಿಯ ಗಾತ್ರಕ್ಕೆ ಇಳಿಸಿ, ಕಂಪನಿಯ ಗಂಡಸರು ಹೆಂಗಸರೆನ್ನದೆ ಎಲ್ಲರ ಮೂಗಿಗೂ ಸಿಕ್ಕಿಸಿಬಿಟ್ಟರು.

ನಮ್ಮದು ಮಂಗಳೂರಿನ ಬಂದರಿನಿಂದ ಉತ್ತರಕ್ಕೆ, ಕಡಲಿಗೆ ಬೆನ್ನು ಹಾಕಿ ಕೂತ ಟ್ಯಾಂಕ್ ಯಾರ್ಡು. ಟ್ಯಾಂಕರುಗಳಲ್ಲಿ ಬರುವ ಎಸ್ಟರನ್ನು ದಾಸ್ತಾನು ಮಾಡಿಟ್ಟು ಬಣ್ಣದ ಕಾರ್ಖಾನೆಗೂ ಮಿಠಾಯಿ ಕಾರ್ಖಾನೆಗೂ ಕಳಿಸುವುದು ನಮ್ಮ ಕೆಲಸ. ಈ ಎಸ್ಟರ್ ಎಂಬ ದ್ರವ ನೋಡಲಿಕ್ಕೆ ನೀರಿನ ಹಾಗೆ ಸಾಧು. ವಾಸನೆ ಮಾತ್ರ ಸಾಕ್ಷಾತ್ ಬಾಳೆಹಣ್ಣಿನದು. ಹಾಗೆಂದರೆ ಬಾಳೆಹಣ್ಣಿನ ಹಾಗೆ ಎಂದಲ್ಲ. ಮಾಗಿದ ಬಾಳೆಹಣ್ಣಿಗೆ ಆ ಪರಿಮಳ ಬರುವುದೇ ಇದೇ ವಸ್ತುವಿನಿಂದ. ನಮ್ಮ ಊರಿನ ಸೆಕೆಗೆ ಅದು ಸದಾ ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗುವ ಬದಲು ನೆಲ ಹಿಡಿದು ಹರಿದು, ಚರಂಡಿಯಲ್ಲೋ ಗುಂಡಿಯಲ್ಲೋ ಅಡಗಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಕಿಡಿಗೆ ಬೆಂಕಿಕಡ್ಡಿಯೇ ಬೇಕೆಂದಿಲ್ಲ. ಪೈಪಿನೊಳಗೆ ಓಡುವಾಗ ಎಸ್ಟರ್ ತಾನೇ ಉಜ್ಜಿಕೊಂಡು ವಿದ್ಯುತ್ತನ್ನು ಕೂಡಿಹಾಕಿಕೊಳ್ಳುತ್ತದೆ. ಅದಕ್ಕೇ ಟ್ಯಾಂಕರು ಬಂದು ನಿಂತ ಕೂಡಲೇ, ಶೆಡ್ಡಿನ ಕಂಬದಲ್ಲಿ ಮೊಳೆಯ ತಲೆಯ ಹಾಗೆ ಎದ್ದು ನಿಂತ ಒಂದು ಕಬ್ಬಿಣದ ಗುಬ್ಬಿಗೂ ಟ್ಯಾಂಕರಿನ ಮೈಗೂ ತಾಮ್ರದ ತಂತಿ ಕಟ್ಟಿ, ಕೂಡಿದ ವಿದ್ಯುತ್ತನ್ನು ಭೂಮಿಗೆ ಇಳಿಸಬೇಕು. ಅರ್ತಿಂಗ್ ಎನ್ನುವುದು ಅದಕ್ಕೇ.

ಇದನ್ನೆಲ್ಲ ನಾವು ನೇಮದಿಂದ ಮಾಡುತ್ತಿದ್ದೆವು. ಕೈಕೊಡುತ್ತಿದ್ದುದು ಮೂಗು. ಯಾರ್ಡಿನೊಳಗೆ ಕಾಲಿಟ್ಟಾಗ ಘಮ್ಮೆನ್ನುವ ವಾಸನೆ ಸ್ವಲ್ಪ ಹೊತ್ತಿಗೆ ಇಲ್ಲವಾಗುತ್ತದೆ. ವಾಸನೆ ಹೋಗಿರುವುದಿಲ್ಲ, ಮೂಗಿಗೆ ಬೇಜಾರು ಬಂದಿರುತ್ತದೆ. ಆವಿ ಪತ್ತೆ ಮಾಡಲಿಕ್ಕೆಂದು ಗೋಡೆಗೆ ಹಾಕಿದ ಯಂತ್ರಗಳೋ ಉಪ್ಪುಗಾಳಿಗೆ ಕಟ್ಟಿಕೊಂಡು, ಬೇಡದಾಗ ಕಿರುಚಿ, ಬೇಕಾದಾಗ ಸುಮ್ಮನಿರುತ್ತಿದ್ದವು. ಸಫಿಯಾ ಅವರ ಮೂಗುತಿಯಿಂದ ಕೂದಲಿಗಿಂತ ಸಣ್ಣ ಎಳೆಯೊಂದು ಮೂಗಿನೊಳಗೆ ಹೋಗಿ ವಾಸನೆಯ ನರವನ್ನು ಆಗಾಗ ತಟ್ಟಿ ಎಬ್ಬಿಸುತ್ತದೆ. ಹಾಗಾಗಿ ಪ್ರತಿ ಉಸಿರೂ ಮೊದಲ ಉಸಿರೇ. ಅಷ್ಟೇ ಅಲ್ಲ, ನರಕ್ಕೆ ತಿಳಿದದ್ದನ್ನು ಮೂಗುತಿ ಕಂಟ್ರೋಲ್ ರೂಮಿಗೂ ಚಾಡಿ ಹೇಳುತ್ತದೆ. ಅಲ್ಲಿ ಪ್ಯಾನೆಲಿನ ಮುಂದೆ ಕೂರುವ ಶಿಫ್ಟ್ ಆಫೀಸರು ನಾನು, ನಳಿನಾಕ್ಷಿ. ನನ್ನ ಪರದೆಯ ಮೇಲೆ ಒಬ್ಬೊಬ್ಬ ಕೆಲಸಗಾರನೂ ಹೆಸರಿರುವ ಒಂದು ಚುಕ್ಕೆ. ಎಸ್ಟರ್ ಮೂಗಿಗೆ ಬಡಿದರೆ ಚುಕ್ಕೆ ಹಳದಿ. ವಾಸನೆ ಗಾಢವಾದಷ್ಟೂ ಹಳದಿ ಗಾಢ. ಬೇರೆ ವಾಸನೆಗಳ ಹೆಸರು, ಕೆಲಸಗಾರ ಮನೆಯಲ್ಲಿದ್ದರೂ, ಚುಕ್ಕೆಯ ಪಕ್ಕದಲ್ಲಿ ಮೂಡುತ್ತದೆ.

ಮೀಸೆ ಬಿಟ್ಟ ಫಿಟ್ಟರುಗಳು ಮೂಗುತಿ ಹಾಕಿಕೊಂಡು ಸಾಲಾಗಿ ಶಿಫ್ಟಿಗೆ ಬರುವುದನ್ನು ನೋಡಿ ಮೊದಲ ವಾರ ನಾನು ನಕ್ಕದ್ದೇ ನಕ್ಕದ್ದು. ಆಮೇಲೆ ನಗು ನಿಂತಿತು. ಯಾಕೆಂದರೆ ಮೂಗುತಿಯನ್ನು ಮನೆಯಲ್ಲೂ ತೆಗೆಯುವಂತಿಲ್ಲ. ತೆಗೆದಿಟ್ಟರೆ ನರ ಮತ್ತೆ ಸೋಮಾರಿಯಾಗುತ್ತದಂತೆ. ಬೆಳಿಗ್ಗೆ ಹುರಿದ ಬೂತಾಯಿ ಮೀನು ಸಂಜೆಯವರೆಗೂ ಮೂಗಿನ ಹತ್ತಿರವೇ ಹುರಿಯುತ್ತಿದ್ದರೆ ಹೇಗೆ ಬದುಕುವುದು? ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಬೆವರು ಮನೆಯವರೆಗೂ ಆಗತಾನೇ ಬಂದ ಹಾಗೆ ಬರುತ್ತಿತ್ತು. ಗಂಡನ ತಲೆಯ ಎಣ್ಣೆ ನನಗಾಗದೆ, ನನ್ನ ಪೌಡರು ಗಂಡನಿಗಾಗದೆ, ನಾವಿಬ್ಬರೂ ಚಾವಡಿಯ ಎರಡು ಮೂಲೆಯಲ್ಲಿ ಮಲಗುವ ಹಾಗಾಯಿತು. ಗಂಡ ಭುಜಂಗನೂ ಅದೇ ಯಾರ್ಡಿನಲ್ಲಿ ಅನ್‌ಲೋಡಿಂಗ್ ಶೆಡ್ಡಿನ ಮೇಸ್ತ್ರಿ. ಟ್ಯಾಂಕರಿಗೆ ಹೋಸ್ ಜೋಡಿಸುವುದು, ಅರ್ತಿಂಗ್ ಕಟ್ಟುವುದು, ಪಂಪು ಹಾಕುವುದು ಅವನ ಉಸ್ತುವಾರಿ.

ಒಂದು ದಿನ ಮಧ್ಯಾಹ್ನ ಪರದೆಯ ಮೂಲೆಯಲ್ಲಿ ಭುಜಂಗನ ಚುಕ್ಕೆಗೆ ಹುಚ್ಚು ಹಿಡಿಯಿತು. ಅವನಿಗೆ ಆ ದಿನ ರಜೆ. ಚುಕ್ಕೆ ಇದ್ದದ್ದು ನಮ್ಮ ಮನೆಯಲ್ಲಿ, ಅಡುಗೆಮನೆಯ ಜಾಗದಲ್ಲಿ. ಮೆಂತೆ, ಇಂಗು, ಒಣಮೀನು, ಮಲ್ಲಿಗೆ, ಸೀಮೆಎಣ್ಣೆ, ಮತ್ತೆ ಮೆಂತೆ. ಅಡುಗೆಮನೆ ಎಂದರೆ ಯಾವ ದಿಕ್ಕಿಗೆಂದು ಗೊತ್ತಿಲ್ಲದ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ನಾನು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ ಕಂಟ್ರೋಲ್ ರೂಮಿನ ಬಾಗಿಲು ಸರಿಸಿಕೊಂಡು ಭುಜಂಗ ಒಳಗೆ ಬಂದ. ಕೈಯಲ್ಲಿ ನಾನು ಮರೆತು ಬಂದ ಬುತ್ತಿ, ಮೂಗಿನ ಮೇಲೆ ಕರವಸ್ತ್ರ.

ನಾನು ಪರದೆಯನ್ನು ನೋಡಿದೆ, ಅವನನ್ನು ನೋಡಿದೆ. ಚುಕ್ಕೆ ಅಡುಗೆಮನೆಯಲ್ಲಿ ಇಂಗನ್ನು ಮೂಸುತ್ತಿತ್ತು.

"ಎಂತ, ಶೀತವಾ?" ಎಂದೆ.

"ಹೌದು ಮಾರಾಯ್ತಿ, ಸ್ವಲ್ಪ."

"ಕರ್ಚೀಫು ತೆಗೀರಿ ನೋಡುವ."

ತೆಗೆದ. ಮೂಗು ಬೋಳು.

"ಮೂಗುತಿ ಎಲ್ಲಿ?"

"ಅದು... ಅಮ್ಮನ ಹತ್ರ ಉಂಟು," ಎಂದ. "ನೀನು ಬೊಬ್ಬೆ ಹಾಕ್ಬೇಡ. ಮನೆಗೆ ಬಾ, ಆಮೇಲೆ ಹೇಳು ಎಂತ ಹೇಳುದಿದ್ರೂ."

ಬೊಬ್ಬೆ ಹಾಕಬೇಕೆಂದುಕೊಂಡೇ ಮನೆಗೆ ಹೋದೆ. ಮೂಗುತಿಯನ್ನು ಬೇರೆಯವರಿಗೆ ಕೊಟ್ಟರೆ ಕೆಲಸವೇ ಹೋಗುತ್ತದೆಂದು ಅದನ್ನು ಹಾಕಿಸಿದ ದಿನವೇ ಮ್ಯಾನೇಜರು ಪಿಂಟೊ ಸರ್ ಹೇಳಿದ್ದರು. ಅಡುಗೆಮನೆಯಲ್ಲಿ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಸುತ್ತಲೂ ಮನೆಯಲ್ಲಿದ್ದ ಡಬ್ಬಿಗಳೆಲ್ಲ ಮುಚ್ಚಳ ತೆಗೆದುಕೊಂಡು ಕೂತಿದ್ದವು. ಅತ್ತೆ ಒಂದೊಂದನ್ನೇ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಕೆಳಗಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು.

ಅತ್ತೆಗೆ ವಾಸನೆ ಹೋದದ್ದು ನನ್ನ ಮದುವೆಗೂ ಮೊದಲು, ಯಾವುದೋ ವಿಷಜ್ವರದಲ್ಲಿ. ವಾಸನೆಯ ಜೊತೆ ರುಚಿಯೂ ಹೋಯಿತು. ಊಟ ಅವರಿಗೆ ಹೊಟ್ಟೆ ತುಂಬಿಸುವ ಕೆಲಸ, ಅಷ್ಟೆ. ನಾನು ಏನು ಮಾಡಿ ಬಡಿಸಿದರೂ ಸಪ್ಪೆ ಎನ್ನುತ್ತಿದ್ದರು, ನಾನು ಮುಖ ದಪ್ಪ ಮಾಡಿಕೊಳ್ಳುತ್ತಿದ್ದೆ. ಅದೇ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಒಂದು ಸುತ್ತಿನ ಜಗಳ ಇದ್ದದ್ದೇ.

"ಅತ್ತೆ, ಅದು ಕಂಪನಿಯದ್ದು. ಕೊಡಿ ಇಲ್ಲಿ," ಎಂದೆ.

"ಕೊಡ್ತೇನೆ," ಎಂದರು. ಕೊಡಲಿಲ್ಲ. "ನಿನ್ನೆ ನೀನು ಮಾಡಿದ ಬಂಗುಡೆ ಸಾರು ಉಂಟಲ್ಲ, ಅದಕ್ಕೆ ಪರಿಮಳಕ್ಕೆ ಜುಮ್ಮನಕಾಯಿ ಹಾಕಿದ್ದಿಯಾ?"

"ಹೌದು."

"ಒಳ್ಳೇದುಂಟು ಮಾರಾಯ್ತಿ. ಇಷ್ಟು ಒಳ್ಳೇದು ಮಾಡ್ತಿ ಅಂತ ನಂಗೆ ಯಾರೂ ಹೇಳ್ಲೇ ಇಲ್ಲ."

ಬೊಬ್ಬೆ ಹಾಕಲು ಬಂದವಳು ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ. ಸತ್ತಿದೆ ಎಂದು ಡಾಕ್ಟರುಗಳು ಕೈಬಿಟ್ಟ ನರ ಸತ್ತಿರಲಿಲ್ಲ, ನಿದ್ದೆ ಹೋಗಿತ್ತು. ಮೂಗುತಿ ತಟ್ಟಿದಾಗ ಎದ್ದು ಕೂತಿತು. ಭುಜಂಗ ಅದನ್ನು ತಮಾಷೆಗೆ ಒಮ್ಮೆ ಅಮ್ಮನ ಮೂಗಿಗೆ ಸಿಕ್ಕಿಸಿ ನೋಡಿದ್ದನಂತೆ. ಅಮ್ಮ ಅತ್ತದ್ದನ್ನು ನೋಡಿದ ಮೇಲೆ ಹಿಂದಕ್ಕೆ ಕೇಳಲಿಕ್ಕೆ ಬಾಯಿ ಬರಲಿಲ್ಲ.

ಅಂದಿನಿಂದ ಹೀಗೆ ನಡೆಯಿತು. ಭುಜಂಗ ಕೆಲಸದಲ್ಲಿದ್ದಾಗ ಮೂಗುತಿ ಅವನದು, ಮನೆಗೆ ಬಂದ ಮೇಲೆ ಸ್ಪಿರಿಟಿನಲ್ಲಿ ತೊಳೆದು ಅಮ್ಮನದು. ಪರದೆಯ ಮೇಲೆ ಆ ಚುಕ್ಕೆ ಒಮ್ಮೆ ಗಂಡ, ಒಮ್ಮೆ ಅತ್ತೆ. ಇಬ್ಬರನ್ನೂ ಒಂದೇ ಹೆಸರಿನಲ್ಲಿ ನೋಡುತ್ತಾ ಕೂರುವ ನನಗೆ ಕೆಲವೊಮ್ಮೆ ತಲೆ ಗಿರ್ ಎನ್ನುತ್ತಿತ್ತು. ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಗಂಡನ ಕೆಲಸ ಹೋಗುತ್ತದೆ, ಅತ್ತೆಯ ಮೂಗು ಹೋಗುತ್ತದೆ. ಎರಡರಲ್ಲಿ ಯಾವುದಕ್ಕೆ ನಾನು ಹೆಚ್ಚು ಹೆದರುತ್ತಿದ್ದೆ ಎಂದು ಕೇಳಿದರೆ, ನಿಜ ಹೇಳುತ್ತೇನೆ, ಎರಡನೆಯದಕ್ಕೆ.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕೆಲಸಗಾರರ ಮನೆಯವರೆಲ್ಲ ಒಳಗೆ ಬರುವುದು ಮೊದಲಿನಿಂದ ನಡೆದು ಬಂದ ರೂಢಿ. ಹಿಂದಿನ ದಿನವೆಲ್ಲ ಯಾರ್ಡಿನಲ್ಲಿ ತೊಳೆಯುವುದು, ಉಜ್ಜುವುದು, ಬಣ್ಣ ಬಳಿಯುವುದು. ಕಂಬ, ಪೈಪು, ರೇಲಿಂಗು, ಕಬ್ಬಿಣವೆನ್ನುವುದಕ್ಕೆಲ್ಲ ಬೆಳ್ಳಿ ಬಣ್ಣ. ಪೂಜೆ ಅನ್‌ಲೋಡಿಂಗ್ ಶೆಡ್ಡಿನಲ್ಲಿ, ಅಷ್ಟು ಜನಕ್ಕೆ ನೆರಳಿದ್ದದ್ದು ಅಲ್ಲೇ. ಅಲ್ಲಿ ಅರ್ಧ ಖಾಲಿಯಾದ ಟ್ಯಾಂಕರೊಂದು ನಿಂತಿತ್ತು. ಹೋಸ್ ಜೋಡಿಸಿಯೇ ಇತ್ತು, ಪಂಪು ನಿಂತಿತ್ತು.

"ನಿಂತ ಪಂಪು, ಮುಚ್ಚಿದ ವಾಲ್ವು. ಮತ್ತೆ ಹೆದರಿಕೆ ಎಂತಕ್ಕೆ?" ಎಂದು ಪಿಂಟೊ ಸರ್ ಬೆಳಿಗ್ಗೆ ನನಗೆ ಹೇಳಿದರು. ಅವರು ಗಟ್ಟಿ ಮನುಷ್ಯ. ಕರ್ಪೂರ ಇಲ್ಲ, ಊದುಬತ್ತಿ ಇಲ್ಲ, ಮೊಬೈಲುಗಳೆಲ್ಲ ಗೇಟಿನಲ್ಲಿ. ಮಂಗಳಾರತಿಗೂ ಬ್ಯಾಟರಿಯ ದೀಪ, ಭಟ್ಟರು ಅದನ್ನು ಹಿಡಿದುಕೊಳ್ಳಲಿಕ್ಕೇ ಒಪ್ಪಿರಲಿಲ್ಲ. ಇಷ್ಟೆಲ್ಲ ಜಾಗ್ರತೆ ಮಾಡಿದವರು ಬಾಳೆಯ ವಿಷಯ ಮಾತ್ರ ಮರೆತರು. ಎಲ್ಲರೂ ಮರೆತೆವು. ಗೇಟಿಗೆ, ಕಂಬಕ್ಕೆ, ಟ್ಯಾಂಕರಿನ ಮೂತಿಗೆ ಗೊನೆ ಸಮೇತ ಬಾಳೆಗಿಡ ಕಟ್ಟಿದ್ದರು. ಶೆಡ್ಡಿನ ಮಾಡಿನಿಂದ ಕದಳಿ ಗೊನೆಗಳು ತೋರಣದ ಹಾಗೆ ಇಳಿಬಿದ್ದಿದ್ದವು, ಎಲ್ಲ ಚೆನ್ನಾಗಿ ಮಾಗಿದವು.

ಬೆಳಿಗ್ಗೆ ಪ್ಯಾನೆಲ್ ತೆರೆದರೆ ಇಡೀ ಯಾರ್ಡು ಅರಶಿನ ಚೆಲ್ಲಿದ ಹಾಗೆ ಹಳದಿ. ಅಲಾರಂ ಬಡಿಯತೊಡಗಿತು.

ಪಿಂಟೊ ಸರ್ ಓಡಿ ಬಂದರು. ನೋಡಿದರು. ನಕ್ಕರು.

"ಬಾಳೆಗೊನೆ ಮಾರಾಯ್ತಿ! ಮೇಲಿಂದ ಹೊಸ ಪೇಂಟಿನ ತಿನ್ನರು. ಅದ್ರಲ್ಲಿಯೂ ಎಸ್ಟರೇ ಇರುದು. ಇವತ್ತು ಹಳದಿ ಬರ್ಲೇಬೇಕು, ಬರದಿದ್ರೆ ಹೆದರ್ಬೇಕು. ಅಲಾರಂ ಬಂದ್ ಮಾಡಿ."

"ಸರ್, ಎಲ್ಲ ಹಳದಿ ಆದ್ರೆ ನಿಜವಾದ್ದು ಬಂದ್ರೆ ಗೊತ್ತಾಗುದು ಹೇಗೆ?"

"ನೋಡ್ತಾ ಇರಿ ನೀವು," ಎಂದು ಹೇಳಿ ಅವರು ಪಂಚೆ ಸರಿಮಾಡಿಕೊಂಡು ಹೋದರು.

ಏನನ್ನು ನೋಡುವುದು? ಬಾಳೆಹಣ್ಣಿನದ್ದೂ ಅದೇ ವಸ್ತು, ಟ್ಯಾಂಕಿನದ್ದೂ ಅದೇ ವಸ್ತು. ಮೂಗುತಿ ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಂದರೆ. ನನ್ನ ಮೂಗಿಗೂ ಅದೇ ಬರುತ್ತಿತ್ತು, ಕಂಟ್ರೋಲ್ ರೂಮಿನ ಬಾಗಿಲಿಗೆ ಕಟ್ಟಿದ ಗೊನೆಯಿಂದ. ಅಷ್ಟು ಹೊತ್ತಿಗೆ ಭುಜಂಗನ ಚುಕ್ಕೆ ಗೇಟು ದಾಟಿ ಒಳಗೆ ಬಂತು. ಕ್ಯಾಮೆರಾದಲ್ಲಿ ನೋಡಿದರೆ ಭುಜಂಗ ಬೆಳಿಗ್ಗೆಯಿಂದ ಒಳಗೇ ಇದ್ದಾನೆ, ಬೋಳು ಮೂಗಿನಲ್ಲಿ ಭಟ್ಟರಿಗೆ ತೆಂಗಿನಕಾಯಿ ಕೊಡುತ್ತಿದ್ದಾನೆ. ಗೇಟಿನಿಂದ ಬಂದದ್ದು ಅತ್ತೆ. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ, ಮೂಗಿನಲ್ಲಿ ಕಂಪನಿಯ ಮೂಗುತಿ. ಹೆಂಗಸರೆಲ್ಲ ಮೂಗುತಿ ಹಾಕಿಕೊಂಡು ಬರುವ ದಿನ ಅವರದ್ದನ್ನು ಬೇರೆ ಎಂದು ಯಾರು ಗುರುತಿಸಬೇಕು? ಪೂಜೆಯ ಪರಿಮಳ ಮೂಸಬೇಕೆಂದು ಅವರಿಗೆ ಆಸೆ ಇತ್ತು. ನಾನು ಬೇಡವೆನ್ನಬೇಕಿತ್ತು. ಎನ್ನಲಿಲ್ಲ.

ಶೆಡ್ಡಿನಲ್ಲಿ ಕೆಲಸಗಾರರು ಮುಂದೆ ನಿಂತರು, ಮನೆಯವರು ಹಿಂದೆ, ಟ್ಯಾಂಕರಿನ ಪಕ್ಕ, ಚರಂಡಿಯ ಜಾಲರಿಯ ಆಚೀಚೆ. ಚೆಂಡೆ ಜೋರಾಯಿತು. ಭಟ್ಟರು ಕೊನೆಗೂ ಬ್ಯಾಟರಿ ದೀಪ ಎತ್ತಿದರು. ಮಂಗಳಾರತಿ ಮುಗಿದು ಎಲ್ಲರೂ ನಮಸ್ಕಾರಕ್ಕೆ ಬಗ್ಗಿದರು. ಗಂಡಸರು ಉದ್ದಕ್ಕೆ ಅಡ್ಡಬಿದ್ದರು, ಹೆಂಗಸರು ಮೊಣಕಾಲೂರಿದರು. ಇನ್ನು ಪಿಂಟೊ ಸರ್ ಹೆಂಡತಿ ಪಂಪಿನ ಗುಂಡಿಗೆ ಕುಂಕುಮ ಹಚ್ಚಿ ಒಮ್ಮೆ ಒತ್ತುವುದು, ಪಂಪು ಶಾಸ್ತ್ರಕ್ಕೆ ಒಂದು ಸುತ್ತು ತಿರುಗುವುದು, ಆಮೇಲೆ ಊಟ. ಪ್ರತಿ ವರ್ಷ ಹೀಗೆಯೇ.

ಜನ ಬಗ್ಗಿದಾಗ ಪರದೆಯ ಮೇಲೆ ಒಂದು ವಿಚಿತ್ರ ನಡೆಯಿತು. ಹಳದಿ ಇಳಿಯಿತು. ಶೆಡ್ಡಿನ ಚುಕ್ಕೆಗಳೆಲ್ಲ ಒಟ್ಟಿಗೆ ಪೇಲವವಾದವು. ಏನಾಯಿತೆಂದು ತಿಳಿಯದೆ ನಾನು ಪರದೆಯ ಕಡೆಗೆ ಮುಖ ತಂದೆ. ಆಮೇಲೆ ಹೊಳೆಯಿತು. ಗೊನೆ ಇರುವುದು ಮೇಲೆ, ಮೂಗು ಹೋದದ್ದು ಕೆಳಗೆ. ಬಾಳೆಹಣ್ಣಿನಿಂದ ದೂರ ಹೋದವು, ವಾಸನೆ ಕಡಿಮೆಯಾಯಿತು. ಸರಿಯೇ. ಆದರೆ ಹಿಂದಿನ ಸಾಲಿನಲ್ಲಿ ಒಂದೇ ಒಂದು ಚುಕ್ಕೆ ಮಾತ್ರ ಗಾಢವಾಗುತ್ತಿತ್ತು. ಹಳದಿ, ಕಡುಹಳದಿ, ಕಿತ್ತಳೆ. ಹೆಸರು: ಭುಜಂಗ.

ಎಸ್ಟರಿನ ಆವಿ ನೆಲ ಹಿಡಿದು ಹರಿಯುತ್ತದೆಂದು ನಾನು ಎಷ್ಟು ಜನಕ್ಕೆ ಪಾಠ ಮಾಡಿದ್ದೇನೋ. ಈಗ ಅದೇ ನನಗೆ ನೆನಪಾಗಲಿಲ್ಲ, ಮೊದಲು ಹೊಳೆದದ್ದು ಅತ್ತೆ ಪ್ರಸಾದದ ಬಾಳೆಹಣ್ಣನ್ನು ಮೂಗಿನ ಹತ್ತಿರ ಹಿಡಿದುಕೊಂಡಿರಬಹುದು ಎಂದು. ಕ್ಯಾಮೆರಾ ತಿರುಗಿಸಿದೆ. ಎಲ್ಲರೂ ಎದ್ದು ನಿಂತಿದ್ದರು. ಅತ್ತೆ ಮಾತ್ರ ಚರಂಡಿಯ ಜಾಲರಿಯ ಪಕ್ಕ ಬೋರಲಾಗಿ ಬಿದ್ದುಕೊಂಡಿದ್ದರು, ಏಳುತ್ತಿರಲಿಲ್ಲ. ಕೈಯಲ್ಲಿ ಹಣ್ಣು ಇರಲಿಲ್ಲ.

ಮೈಕ್ ಎಳೆದುಕೊಂಡು "ಪಂಪು ಹಾಕ್ಬೇಡಿ!" ಎಂದು ಕೂಗಿದೆ. ಚೆಂಡೆಯ ಅಬ್ಬರದಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಪಿಂಟೊ ಸರ್ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಪಂಪಿನ ಕಡೆ ಹೊರಟರು.

ನನ್ನ ಮುಂದೆ ಗಾಜಿನ ಮುಚ್ಚಳದ ಕೆಂಪು ಗುಂಡಿ ಇತ್ತು. ಒತ್ತಿದರೆ ಶೆಡ್ಡಿನ ವಿದ್ಯುತ್ ಹೋಗಿ, ಮಾಡಿನಿಂದ ನೊರೆ ಸುರಿಯುತ್ತದೆ, ಎರಡೂ ಒಟ್ಟಿಗೆ. ಒತ್ತಿ, ಕೆಳಗೆ ಏನೂ ಇಲ್ಲದಿದ್ದರೆ? ಯಾವ ಚುಕ್ಕೆ ನೋಡಿ ಒತ್ತಿದಿರಿ ಎಂದು ಕೇಳುತ್ತಾರೆ. ಭುಜಂಗನದ್ದು ಎನ್ನಬೇಕು. ಭುಜಂಗ ಭಟ್ಟರ ಪಕ್ಕ ನಿಂತಿದ್ದ ಎನ್ನುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಇಷ್ಟು ವರ್ಷ ನಿದ್ದೆ ಹೋಗಿದ್ದು ಮೊನ್ನೆ ಮೊನ್ನೆ ಎದ್ದ ಒಂದು ಮುದಿ ಮೂಗನ್ನು ನಂಬಿ ನನ್ನ ಮನೆಯನ್ನು ನಾನೇ ಮುಳುಗಿಸಬೇಕೆ? ಅಥವಾ ಅತ್ತೆಗೆ ತಲೆ ಸುತ್ತು ಬಂದು ಬಿದ್ದದ್ದೇ? ಚುಕ್ಕೆ ಕಿತ್ತಳೆಯಿಂದ ಕೆಂಪಾಯಿತು. ನನಗೆ ಏನೂ ಸ್ಪಷ್ಟವಾಗಿರಲಿಲ್ಲ. ಗೊತ್ತಿದ್ದು ಧೈರ್ಯದಿಂದ ಮಾಡಿದೆ ಎಂದು ಆಮೇಲೆ ಜನ ಹೇಳಿದ್ದೆಲ್ಲ ಸುಳ್ಳು. ಹೆದರಿಕೆಯಲ್ಲಿ ಕೈ ಹೋಯಿತು, ಅಷ್ಟೆ.

ಮಾಡಿನಿಂದ ನೊರೆ ಇಳಿಯಿತು. ಚೆಂಡೆ ನಿಂತಿತು. ಭಟ್ಟರು, ಪಿಂಟೊ ಸರ್, ಜರಿಸೀರೆಗಳು, ಬಾಳೆಗೊನೆಗಳು, ಟ್ಯಾಂಕರು ಎಲ್ಲವೂ ಬಿಳಿಯಾಗಿ ಒಂದರಲ್ಲೊಂದು ಸೇರಿಹೋದವು. ಜನ ಕಿರುಚುತ್ತಾ ಜಾರುತ್ತಾ ಹೊರಗೆ ಓಡಿದರು. ಭುಜಂಗ ನೊರೆಯೊಳಗೆ ಕೈ ಹಾಕಿ ಹುಡುಕಿ ತನ್ನ ಅಮ್ಮನನ್ನು ಎತ್ತಿಕೊಂಡು ಬಂದ. ಅವರ ಕಣ್ಣು ತೆರೆದಿತ್ತು. ನಾನು ಪ್ಯಾನೆಲಿನ ಮುಂದೆ ಕೂತಲ್ಲೇ ಅತ್ತುಬಿಟ್ಟೆ.

ಪಿಂಟೊ ಸರ್ ನೊರೆ ಒರೆಸಿಕೊಳ್ಳುತ್ತಾ ನನ್ನ ಮೇಲೆ ಹಾರಿಬಿದ್ದದ್ದು ಸ್ವಲ್ಪ ಹೊತ್ತು ಮಾತ್ರ. ಫಿಟ್ಟರುಗಳು ಬಂದು ಹೇಳಿದ ಮೇಲೆ ಅವರೇ ಹೋಗಿ ಬಗ್ಗಿ ನೋಡಿದರು. ಹೋಸ್ ಕೂಡುವಲ್ಲಿಯ ವಾಷರು ಹರಿದಿತ್ತು. ಎಸ್ಟರ್ ತೊಟ್ಟು ತೊಟ್ಟಾಗಿ ಜಾರಿ ಜಾಲರಿಯ ಕೆಳಗಿನ ಚರಂಡಿಯಲ್ಲಿ ನಿಂತಿತ್ತು. ಜಾಲರಿಯ ಮೇಲೆ ಹೂವು ಹರಡಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಅದೊಂದೇ ಆಗಿದ್ದರೆ ತೊಳೆದು ಮುಗಿಸಬಹುದಿತ್ತು. ಆದರೆ ಅರ್ತಿಂಗಿನ ಕಬ್ಬಿಣದ ಗುಬ್ಬಿಗೂ ಯಾರೋ ದಪ್ಪಗೆ ಬೆಳ್ಳಿ ಬಣ್ಣ ಬಳಿದಿದ್ದರು. ತಂತಿಯ ಕ್ಲಿಪ್ಪು ಬಣ್ಣದ ಮೇಲೆ ಕಚ್ಚಿ ಕೂತಿತ್ತು, ಕಬ್ಬಿಣವನ್ನು ಮುಟ್ಟಿರಲೇ ಇಲ್ಲ. ಪಂಪು ತಿರುಗಿದ್ದರೆ ಟ್ಯಾಂಕರಿನ ಮೈಯಲ್ಲಿ ಕೂಡುವ ವಿದ್ಯುತ್ತಿಗೆ ಇಳಿಯಲು ದಾರಿ ಇರಲಿಲ್ಲ.

"ಗುಬ್ಬಿಗೆ ಪೇಂಟ್ ಹೊಡೆದದ್ದು ಯಾರು?"

"ನಾನು ಸರ್," ಎಂದ ಭುಜಂಗ. "ಹೊಡೀಬಾರ್ದು ಅಂತ ಗೊತ್ತುಂಟು. ಎಲ್ಲ ಹೊಳೀತಾ ಇತ್ತು, ಅದೊಂದು ಮಾತ್ರ ತುಕ್ಕು ಹಿಡ್ಕೊಂಡು ದೇವರ ಎದುರು ನಿಂತದ್ದು ನೋಡ್ಲಿಕ್ಕೆ ಆಗ್ಲಿಲ್ಲ. ಪೂಜೆ ಆದ ಮೇಲೆ ಉಜ್ಜಿ ತೆಗೆಯುವ ಅಂತ ಇದ್ದೆ."

ಆ ಮಧ್ಯಾಹ್ನವೇ ಲ್ಯಾಬಿನಲ್ಲಿ ವಿಚಾರಣೆ ಕೂತಿತು. ಸಫಿಯಾ ಅವರು ಪರದೆಯಲ್ಲಿ ಚುಕ್ಕೆಗಳ ಓಡಾಟವನ್ನು ಮತ್ತೆ ಓಡಿಸಿ ತೋರಿಸಿದರು. "ಈ ಮೂಗು ಅಷ್ಟೊತ್ತು ನೆಲದಲ್ಲಿ ಇಲ್ಲದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ," ಎಂದರು. ಪಿಂಟೊ ಸರ್ ಭುಜಂಗನನ್ನು ನೋಡಿದರು, ಕ್ಯಾಮೆರಾದ ಚಿತ್ರ ನೋಡಿದರು, ನನ್ನನ್ನು ನೋಡಿದರು.

"ನೀನು ಭಟ್ಟರ ಹತ್ರ ನಿಂತಿದ್ದಿ. ನಿನ್ನ ಮೂಗು ಚರಂಡಿ ಹತ್ರ ಹೇಗೆ ಹೋಯ್ತು?"

ಯಂತ್ರ ಕೆಟ್ಟಿರಬಹುದು ಎಂಬ ಸುಳ್ಳು ನನ್ನ ನಾಲಗೆಯ ತುದಿಗೆ ಬಂತು. ಬಾಗಿಲ ಬಳಿ ಸ್ಟೂಲಿನ ಮೇಲೆ ಒದ್ದೆ ಸೀರೆಯಲ್ಲೇ ಕೂತಿದ್ದ ಅತ್ತೆ ಎದ್ದರು.

"ಅದು ನನ್ನ ಮೂಗು ಸರ್," ಎಂದರು. "ಮಗನದ್ದಲ್ಲ."

ಎಲ್ಲವನ್ನೂ ಹೇಳಿದರು. ಜ್ವರ ಬಂದದ್ದು, ಡಬ್ಬಿಗಳನ್ನು ಮೂಸಿದ್ದು, ಎಲ್ಲ.

ಪಿಂಟೊ ಸರ್‌ಗೆ ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. "ಅಲ್ಲಮ್ಮಾ, ಅಪಾಯ ಅಂತ ಗೊತ್ತಾದ ಮೇಲೆ ಎದ್ದು ಓಡ್ಬಾರ್ದಾ? ಅಷ್ಟು ಹೊತ್ತು ಯಾಕೆ ಮಲಗಿದ್ರಿ?"

"ಅಪಾಯ ಅಂತ ನಂಗೆಂತ ಗೊತ್ತು? ಮೇಲೆ ಬಾಳೆಹಣ್ಣಿನ ಪರಿಮಳ ಇತ್ತು. ಅಡ್ಡಬಿದ್ರೆ ಕೆಳಗೂ ಬಾಳೆಹಣ್ಣೇ. ಆದ್ರೆ ಹಣ್ಣಿಗೆ ಸಿಪ್ಪೆಯದ್ದೊಂದು ಹಸಿ ವಾಸನೆ ಇರ್ತದಲ್ಲ, ಇದಕ್ಕೆ ಅದಿಲ್ಲ. ಸಿಪ್ಪೆ ಇಲ್ಲದ ಬಾಳೆಹಣ್ಣು. ಎಲ್ಲಿಯೋ ಮೂಸಿದ್ದೇನಲ್ಲ ಅಂತ ಆಲೋಚನೆ ಮಾಡಿದೆ. ಶಾಲೆಗೆ ಹೋಗುವಾಗ ಅಂಗಡಿಯಲ್ಲಿ ಹಳದಿ ಮಿಠಾಯಿ ಸಿಗ್ತಿತ್ತು, ಅದು! ದೇವರಿಗೆ ಅಡ್ಡಬಿದ್ದದ್ದು ಒಂದು ಚೂರು ಹೊತ್ತು ಸರ್. ಉಳಿದದ್ದು ಮಿಠಾಯಿಗೆ."

ಸಫಿಯಾ ನಕ್ಕರು, ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅತ್ತೆಯ ಮೂಗಿನಿಂದ ಮೂಗುತಿ ತೆಗೆಯಬೇಡಿ, ಇದು ಔಷಧ, ನಾನು ಬೇರೆಯೇ ಅರ್ಜಿ ಹಾಕುತ್ತೇನೆ ಎಂದು ಬೇಡಿಕೊಂಡರು. ಪಿಂಟೊ ಸರ್ ಒಪ್ಪಲಿಲ್ಲ. ಮೇಲಿನ ಬಾಳೆಹಣ್ಣಿಗೂ ಕೆಳಗಿನ ಎಸ್ಟರಿಗೂ ವ್ಯತ್ಯಾಸ ತಿಳಿಯದ ಮೂಗುತಿ ಯಾರ್ಡಿನಲ್ಲೂ ಬೇಡ, ಹೊರಗೂ ಬೇಡ. ಅದನ್ನು ತಿದ್ದುವವರೆಗೆ ಎಲ್ಲರದ್ದೂ ವಾಪಸು ಬರಬೇಕು. ಅವರ ಮಾತು ತಪ್ಪೆನ್ನಲಿಕ್ಕೂ ಆಗುವುದಿಲ್ಲ. ಭುಜಂಗನ ವಿಷಯಕ್ಕೆ ಬಂದಾಗ ಅವರೇ ಗೊಂದಲಕ್ಕೆ ಬಿದ್ದರು. ಬಣ್ಣ ಬಳಿದು ಅಷ್ಟೂ ಜನರನ್ನು ಸುಡಲಿಕ್ಕೆ ಹೊರಟವನೂ ಅವನೇ, ಮೂಗುತಿ ಕೊಟ್ಟು ಉಳಿಸಿದವನೂ ಅವನೇ, ಎರಡೂ ಕಂಪನಿಯ ನಿಯಮಕ್ಕೆ ವಿರುದ್ಧ. ಕೊನೆಗೆ ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು. ತಿರುಗಿ ಬಂದ ಮೇಲೆ ಯಾರ್ಡಿನ ಎಲ್ಲ ಗುಬ್ಬಿಗಳ ಬಣ್ಣವನ್ನು ತಂತಿ ಬ್ರಷ್ಷಿನಿಂದ ಕೆರೆಯುವ ಕೆಲಸ.

ಸಫಿಯಾ ಮೂಗುತಿಗಳನ್ನು ಹಾಕುವ ಡಬ್ಬಿ ತಂದು ಮೇಜಿನ ಮೇಲಿಟ್ಟರು. ನಾನು ನನ್ನದನ್ನು ತೆಗೆದು ಹಾಕಿದೆ. ಅತ್ತೆ ತಮ್ಮ ಮೂಗಿಗೆ ಕೈ ಹಾಕಿದವರು ನಿಂತರು.

"ನೀನು ಬಾ ಇಲ್ಲಿ," ಎಂದು ನನ್ನನ್ನು ಕರೆದರು.

ಹೋದೆ. ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ನೆತ್ತಿಗೆ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡರು. ಬಿಡಲಿಲ್ಲ, ಮತ್ತೆ ಎಳೆದುಕೊಂಡರು. ಪಿಂಟೊ ಸರ್ ಕಿಟಕಿಯ ಕಡೆ ತಿರುಗಿದರು.

"ನೀನು ಮನೆಗೆ ಬಂದು ಹನ್ನೊಂದು ವರ್ಷ ಆಯ್ತು," ಎಂದರು ಅತ್ತೆ. "ಡಬ್ಬಿಯೆಲ್ಲ ಮೂಸಿದೆ, ನಿನ್ನನ್ನು ಮೂಸ್ಲೇ ಇಲ್ಲ ನೋಡು." ಮೂಗುತಿ ತೆಗೆದು, ಸೆರಗಿನಲ್ಲಿ ಒರೆಸಿ, ತಾವೇ ಡಬ್ಬಿಗೆ ಹಾಕಿದರು.

ಹೊರಗೆ ಬಂದ ಮೇಲೆ, "ಹೇಗಿತ್ತು ಅತ್ತೆ?" ಎಂದು ಕೇಳಿದೆ. ಅದನ್ನು ಹೇಳಲಿಕ್ಕೆ ಬರುವುದಿಲ್ಲ ಎಂದರು.

ಈಗ ನನ್ನ ಮೂಗು ಎಲ್ಲರ ಮೂಗಿನ ಹಾಗೆ ಬೇಗ ಮರೆಯುತ್ತದೆ, ಅವರ ಮೂಗು ಮತ್ತೆ ನಿದ್ದೆಗೆ ಹೋಗಿದೆ. ಊಟಕ್ಕೆ ಕೂತರೆ ಸಪ್ಪೆ ಎನ್ನುವುದನ್ನು ಬಿಟ್ಟಿದ್ದಾರೆ. ಏನು ಹಾಕಿದ್ದಿ ಎಂದು ಕೇಳಿ, ನೆನಪು ಮಾಡಿಕೊಂಡು ಉಣ್ಣುತ್ತಾರೆ. ಮೊನ್ನೆ ಶಿಫ್ಟಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದಾಗ ಹಿಂದಿನಿಂದ ಬಂದು ನನ್ನ ತಲೆ ಹಿಡಿದುಕೊಂಡರು. ನೆತ್ತಿಗೆ ಮೂಗು ಒತ್ತಿದರು.

"ಏನಾದ್ರೂ ಬರ್ತದಾ ಅತ್ತೆ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ."

"ಮತ್ತೆಂತಕ್ಕೆ?"

"ಇರ್ಲಿ," ಎಂದರು. "ಸ್ವಲ್ಪ ನಿಲ್ಲು ನೀನು."